ಕೆರೆಗೆ ಹೋಗದೆ ಹೆಸರಿಟ್ಟ ಗಿಡ

ಕೋವಿಡ್ ಮುಗಿದು ತರಗತಿಗಳು ಸರಿಯಾಗಿ ನಡೆಯತೊಡಗಿದ ವರ್ಷ. ಕಾರವಾರದ ಒಂದು ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆ; ನಿವೃತ್ತಿಗೆ ಎರಡು ವರ್ಷ ಬಾಕಿ. ಸುತ್ತಮುತ್ತ ಯಾರಿಗೆ ಯಾವ ಗಿಡದ ಹೆಸರು ಬೇಕಾದರೂ ನನ್ನ ಟೇಬಲ್ಲಿಗೇ ಬರಬೇಕು ಎಂದು ತಿಳಿದುಕೊಂಡಿದ್ದೆ.

ಮಳೆ ಕಡಿಮೆಯಾದ ಮೇಲೆ ಬೆಳಂಬಾರದ ಆಚೆಗಿನ ಒಂದು ಹಳ್ಳಿಯವರು ಬಂದರು. ಅವರ ಕೆರೆಯ ನೀರಿನೊಳಗೆ ಎಳೆ ಎಳೆಯಾದ ಹಸಿರು ಗಿಡ ತುಂಬಿಕೊಂಡಿತ್ತು. ಅದು ಹೊರಗಿನಿಂದ ಬಂದ ಕಳೆಯಾದರೆ ಔಷಧ ಹೊಡೆಸುವುದು, ಇಲ್ಲಿಯದೇ ಗಿಡವಾದರೆ ಕೈಯಲ್ಲಿ ಎಳೆಸುವುದು ಎಂದು ತೀರ್ಮಾನಿಸಿದ್ದರು. ಬಂದವರು ನನ್ನನ್ನು ಕೇಳಲೇ ಇಲ್ಲ. "ತಾಂಡೇಲ ಮಾಸ್ತರ್ರು ಇದ್ದಾರಾ?" ಎಂದರು.

ಗಿರೀಶ ತಾಂಡೇಲ ನಮ್ಮ ಅತಿಥಿ ಉಪನ್ಯಾಸಕ, ದೇವಬಾಗದ ಮೀನುಗಾರರ ಮನೆಯವನು. ಪ್ಯಾಂಟು ಮಡಚಿ ವಿದ್ಯಾರ್ಥಿಗಳ ಜೊತೆ ತಾನೂ ನೀರಿಗಿಳಿಯುತ್ತಿದ್ದ. ವಿದ್ಯಾರ್ಥಿಗಳಿಗೆ ಅವನೆಂದರೆ ಪ್ರಾಣ. ನನಗೆ ಹೊಟ್ಟೆ ಉರಿಯುತ್ತಿತ್ತು. ಮೂವತ್ತು ವರ್ಷ ಕಾಡು ಮೇಡು ಅಲೆದವಳು ನಾನು. ಊರವರು ಹುಡುಕಿಕೊಂಡು ಬರುವುದು ನಿನ್ನೆ ಮೊನ್ನೆ ಬಂದವನನ್ನೇ?

ಕೆರೆ ನೋಡಿ ಬಂದವನೇ ಹೇಳಿದ: "ಮೇಡಂ, ಅದು ಯುಟ್ರಿಕ್ಯುಲೇರಿಯಾ. ನಮ್ಮದೇ ಗಿಡ. ನೀವೂ ಒಂದ್ಸಲ ಬಂದು ನೋಡಿ."

"ಸ್ಯಾಂಪಲ್ ಇಟ್ಟು ಹೋಗು. ಇಲ್ಲೇ ನೋಡ್ತೇನೆ."

ಅವನು ಕರೆದಲ್ಲಿಗೆ ನಾನು ಹೋಗುವುದೇ! ನೀರಿನ ಡಬ್ಬಿಯಲ್ಲಿ ತಂದಿಟ್ಟಿದ್ದ ಮಾದರಿಯನ್ನು ಬೇಕೆಂದೇ ನಾಲ್ಕು ದಿನ ಮುಟ್ಟಲಿಲ್ಲ. ಕೊನೆಗೆ ಅಟೆಂಡರ್ ಅದನ್ನು ಪೇಪರಿನ ನಡುವೆ ಒತ್ತಿ ಒಣಗಿಸಿಟ್ಟ. ನೀರೊಳಗಿನ ಗಿಡ ಹೊರಬಂದರೆ ಒದ್ದೆ ಕೂದಲಿನಂತೆ ಮುದ್ದೆಯಾಗುತ್ತದೆ, ಹೂವೂ ಇರಲಿಲ್ಲ. ಅವನದು ತಪ್ಪಾಗಿದ್ದರೆ ಸಾಕು ಎಂದುಕೊಂಡೇ ನೋಡಿದೆ, ಹಾಗೇ ಕಂಡಿತು. ಅಕ್ವೇರಿಯಂಗಳಿಂದ ಹಬ್ಬುವ ವಿದೇಶಿ ಕಳೆ ಕಬೋಂಬಾ ಎಂದು ಬರೆದು ಸಹಿ ಹಾಕಿ ಹಳ್ಳಿಗೆ ಕಳಿಸಿದೆ.

ಆ ಶುಕ್ರವಾರ ದೇವಮ್ಮ ಎಂಬ ಹೆಂಗಸು ಹಳ್ಳಿಯಿಂದ ಬಸ್ಸು ಹಿಡಿದು ಕಾಲೇಜಿಗೇ ಬಂದಳು. "ಅಕ್ಕೋರೆ, ಸೋಮವಾರ ಕೆರೆಗೆ ಔಷಧ ಹೊಡೂದಂತೆ. ನನ್ನ ಹರಿವೆ ಮಡಿಗೆ ಅದೇ ನೀರು, ಎಮ್ಮೆ ಕುಡೂದೂ ಅದೇ. ತಾಂಡೇಲ ಮಾಸ್ತರ್ರು ಬ್ಯಾಡ ಅಂದಿದ್ರು. ನೀವು ಕೆರೆ ನೋಡಿದ್ರಾ?"

ಅವಳು ಹೋದ ಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡೆ. ಒಣಗಿದ ಮಾದರಿಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಅದು ಮತ್ತೆ ಬಿಚ್ಚಿಕೊಳ್ಳುತ್ತದೆ. ಬಿಳಿ ತಟ್ಟೆಯಲ್ಲಿ ಒಂದು ಚೂರು ಹಾಕಿ ಭೂತಗನ್ನಡಿ ಹಿಡಿದೆ. ಮಣ್ಣಿನ ಚುಕ್ಕಿ ಎಂದುಕೊಂಡಿದ್ದವೆಲ್ಲ ಪುಟ್ಟ ಚೀಲಗಳು. ನೀರಿನ ಹುಳುಗಳನ್ನು ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯಾದ ಚೀಲಗಳು. ಆಗ ನನಗೆ ಮೊದಲು ನೆನಪಾದದ್ದು ಕೆರೆಯಲ್ಲ, ದೇವಮ್ಮನ ಎಮ್ಮೆಯೂ ಅಲ್ಲ. ಅಯ್ಯೋ, ಆ ಹುಡುಗನೇ ಸರಿ! ತಟ್ಟೆಯನ್ನು ಸಿಂಕಿಗೆ ಸುರಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮಾರು ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದೆ.

ಸುರಿಯಲಿಲ್ಲ. ಹಳ್ಳಿಗೆ ಫೋನ್ ಮಾಡಿದೆ. ಆದರೆ ಹೇಳಿದ್ದು ಹೀಗೆ: "ನಾನು ಮತ್ತೊಮ್ಮೆ ಪರೀಕ್ಷಿಸಿದೆ. ಇದು ಇಲ್ಲಿಯದೇ ಗಿಡ, ಔಷಧ ಬೇಡ." ಗಿರೀಶನ ಹೆಸರು ಬಾಯಿಗೆ ಬರಲಿಲ್ಲ. ಕೆರೆ ಉಳಿಯಿತು, ದೇವಮ್ಮ ನನಗೆಂದು ಒಂದು ಕಟ್ಟು ಹರಿವೆ ಕಳಿಸಿದಳು. ಆ ಮಾದರಿ ನಮ್ಮ ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆ ಸೇರಿತು. ಅದನ್ನು ಅಂಟಿಸಿದ ಹಾಳೆಯ ಚೀಟಿಯಲ್ಲೂ "ಗುರುತಿಸಿದವರು" ಎಂಬ ಸಾಲಿನಲ್ಲಿ ನನ್ನ ಹೆಸರನ್ನೇ ಬರೆದೆ. ಗಿರೀಶ ಅದನ್ನು ಓದಿದ.

"ಕೆರೆ ಉಳೀತಲ್ಲ ಮೇಡಂ, ಸಾಕು" ಎಂದ.

ಅವನ ಆ ದೊಡ್ಡತನಕ್ಕೂ ನನ್ನ ಹೊಟ್ಟೆ ಉರಿಯಿತು. ಮರುವರ್ಷ ಅವನು ಅಂಕೋಲೆಯ ಬೇರೆ ಕಾಲೇಜಿಗೆ ಹೋದ. ಹೋಗಲಿ, ಪೀಡೆ ತೊಲಗಿತು ಎಂದುಕೊಂಡೆ. ತೊಲಗಿದ್ದು ಅವನು ಮಾತ್ರ. ಆ ಹಾಳೆ ಕಪಾಟಿನಲ್ಲೇ ಇತ್ತು, ನಿವೃತ್ತಿಯಾದ ಮೇಲೂ ನೆನಪಾಗುತ್ತಿತ್ತು.

ಕಳೆದ ತಿಂಗಳು ಕಾಲೇಜಿಗೆ ಹೋಗಿ ಆ ಕಪಾಟು ತೆಗೆಸಿದೆ. ಹರ್ಬೇರಿಯಂನಲ್ಲಿ ಒಂದು ಪದ್ಧತಿಯಿದೆ: ಹಳೆಯ ಚೀಟಿಯನ್ನು ಕೀಳಬಾರದು, ಹೊಡೆದು ಹಾಕಬಾರದು, ತಿದ್ದುಪಡಿಯನ್ನು ಬೇರೆ ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಅಂಟಿಸಬೇಕು. ನನ್ನ ಚೀಟಿ ಅಲ್ಲೇ ಉಳಿಯಿತು, ನೋಡಿದವರೆಲ್ಲ ಓದುವ ಹಾಗೆ. ಪಕ್ಕದಲ್ಲಿ ಹೊಸದೊಂದನ್ನು ಅಂಟಿಸಿದೆ: "ಮೊದಲು ಗುರುತಿಸಿದವರು ಗಿರೀಶ ತಾಂಡೇಲ, ಕೆರೆಗಿಳಿದು ನೋಡಿ."

ಹೊಟ್ಟೆಕಿಚ್ಚು ಹೋದ ಮೇಲೆ ನಿಜ ಬರೆಯೋಣ ಎಂದು ಕಾದರೆ ಬರೆಯುವುದೇ ಇಲ್ಲ. ವೃತ್ತಿ ನನಗೆ ಕಲಿಸಿದ್ದು ಇದು. ಅವನ ಹೆಸರು ಬರೆಯುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು. ಬರೆದೆ.