ಕನ್ನಡಿ ಹಿಡಿದವರ ಹೆಸರು

ಫೋಟೋದ ಬಲ ಅಂಚಿನಲ್ಲಿ ಒಂದು ಹೆಬ್ಬೆರಳಿನ ನೆರಳು ಬಿದ್ದಿದೆ. ಹಳೇಬೀಡಿನ ದೇವಸ್ಥಾನದೊಳಗಿನ ಕಂಬ, ಅದರ ಮೇಲೊಂದು ಬೆಳಕಿನ ಚೌಕ, ಚೌಕದ ಮೂಲೆಯಲ್ಲಿ ಆ ಬೆರಳು. ಅದು ನನ್ನದೋ ಬೇರೆಯವರದೋ ಈಗ ಹೇಳಲಾರೆ. ಹೋದ ವಾರ ಅಂಕಪಟ್ಟಿ ಹುಡುಕುವಾಗ ಈ ಫೋಟೋ ಹಳೆಯ ಕವರಿನಿಂದ ಜಾರಿತು, ಬೆನ್ನ ಮೇಲೆ ಹೆಸರಿಲ್ಲ. ಜೊತೆಗೆ ಫೋಟೋ ತೊಳೆಯುವ ಹೈಪೋದ ಹುಳಿ ವಾಸನೆ... ಅರಸೀಕೆರೆಯಲ್ಲಿ ನಮ್ಮ ಬೀದಿಯ ಸ್ಟುಡಿಯೋ ಮಾವನ ಅಂಗಿಗೆ ಸದಾ ಇರುತ್ತಿದ್ದ ವಾಸನೆ.

ಪಾಸ್‌ಪೋರ್ಟ್ ಸೈಜಿನ ಫೋಟೋ, ಮದುವೆ ಆಲ್ಬಮ್ಮು ಅವರ ಕಸುಬು. ಗಿರಾಕಿಗಳ ಪ್ರತಿ ಫೋಟೋದ ಬೆನ್ನಿಗೂ ಪೆನ್ಸಿಲಿನಲ್ಲಿ ಹೆಸರು ಬರೆದೇ ಕೊಡುತ್ತಿದ್ದರು. ಭಾನುವಾರ ಮಾತ್ರ ಜಾವಗಲ್ ಬಸ್ಸು ಹತ್ತಿ ಹಳೇಬೀಡಿಗೆ ಹೋಗುತ್ತಿದ್ದರು. ಗುಡಿಯ ಕತ್ತಲಿಗೆ ಫ್ಲಾಷ್ ಹಾಕುತ್ತಿರಲಿಲ್ಲ. ಬಾಗಿಲ ಹೊರಗೆ ಸಿಕ್ಕಿದವರ ಕೈಗೆ ಮುಖ ನೋಡುವ ಕನ್ನಡಿ ಕೊಟ್ಟು, ಬಿಸಿಲನ್ನು ಒಳಗಿನ ಕಂಬಕ್ಕೆ ತಿರುಗಿಸಲು ಹೇಳುತ್ತಿದ್ದರು. ಎರಡು ಮೂರು ಸಲ ನಾನೂ ಹಿಡಿದಿದ್ದೇನೆ. ಆ ಫೋಟೋಗಳನ್ನು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಪ್ರಿಂಟು ಹಾಕಿದ್ದು ಕಡಿಮೆ. ನೆಗೆಟಿವ್ ಡಬ್ಬಿಯಲ್ಲಿರುತ್ತಿತ್ತು, ವಿವರ ಅವರ ತಲೆಯಲ್ಲಿ.

ಡಿಗ್ರಿಯಲ್ಲಿದ್ದಾಗ ನಾನು ಆ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿಸಿ ಅವಕ್ಕೊಂದು ವೆಬ್‌ಸೈಟ್ ಮಾಡಿದೆ. ಫೋಟೋ ಗ್ಯಾಲರಿಯ ತಂತ್ರಾಂಶ ಪುಕ್ಕಟೆ ಸಿಕ್ಕಿತ್ತು. ಅವರು ಹೇಳುತ್ತಾ ಹೋದರು, ನಾನು ಪ್ರತಿ ಫೋಟೋದ ಕೆಳಗೆ ಟೈಪ್ ಮಾಡಿದೆ. 'ಕನ್ನಡಿ ಹಿಡಿದವರು ಹುಲಿಕೆರೆಯ ಕಡಲೆಕಾಯಿ ಅಮ್ಮ. ಬುಟ್ಟಿ ಬಿಟ್ಟು ಎದ್ದು ಬಂದರು.' ವಿಗ್ರಹ ಯಾವುದೆಂದು ಬರೆಯಬೇಡವೇ ಎಂದು ಕೇಳಿದೆ.

"ದೇವ್ರನ್ನ ಯಾರ್ ಬೇಕಾದ್ರೂ ಗುರ್ತು ಹಿಡಿತಾರೆ ಕಣವ್ವ. ಬೆಳಕು ಬಿಟ್ಟೋರನ್ನ ಯಾರ್ ಹಿಡಿತಾರೆ?"

ಮರುವರ್ಷ ತಂತ್ರಾಂಶದ ಹೊಸ ಆವೃತ್ತಿ ಬಂತು. ಹಳೆಯದನ್ನೇ ಇಟ್ಟುಕೊಂಡರೆ ಯಾರಾದರೂ ಒಳನುಗ್ಗಿ ಸೈಟನ್ನು ಹಾಳುಮಾಡಬಹುದೆಂಬ ಎಚ್ಚರಿಕೆಯೂ ಬಂತು. ಸೂಚನೆಗಳನ್ನು ಪ್ರಿಂಟ್ ತೆಗೆಸಿ, ಸಾಲು ಸಾಲಿಗೂ ಗೆರೆ ಎಳೆದು ಓದಿದೆ. ಮೊದಲು ಬ್ಯಾಕಪ್ ತೆಗೆಯಿರಿ ಎಂದಿತ್ತು. ಏನೇನನ್ನು ತೆಗೆಯಬೇಕು? ಕೇಳಲು ಸಂಕೋಚ. ಮೂರು ವಾರ ಮುಂದೂಡಿದೆ. ನನ್ನ ಅಳುಕು ಮಾವನಿಗೆ ತಿಳಿದುಹೋಯಿತು.

"ಫೋಟೋ ಹೋದ್ರೆ ನೆಗೆಟಿವ್ ಐತೆ. ನಾನ್ ಹೇಳಿದ್ ಮಾತು ಹೋದ್ರೆ, ಅದರ ನೆಗೆಟಿವ್ ಎಲ್ಲೈತವ್ವ?"

"ಎಲ್ಲಾ ತೆಗೆದಿಟ್ಟಿದ್ದೀನಿ ಮಾವ," ಎಂದೆ. ಫೋಟೋಗಳನ್ನೆಲ್ಲ ಸಿ.ಡಿ.ಗೆ ಹಾಕಿಕೊಂಡಿದ್ದೆ. ಬೆನ್ನಿಗೆ ಹೆಸರು ಬರೆಯುವ ಸ್ಟುಡಿಯೋ ನೋಡುತ್ತಲೇ ಬೆಳೆದವಳು ನಾನು. ಫೋಟೋ ಹೋದಲ್ಲಿಗೆ ಅದರ ಬರಹವೂ ಹೋಗುತ್ತದೆಂದೇ ನಂಬಿದ್ದೆ.

ಅಪ್‌ಗ್ರೇಡ್ ಅರ್ಧಕ್ಕೆ ನಿಂತಿತು. ಎಲ್ಲ ಅಳಿಸಿ, ತಂತ್ರಾಂಶವನ್ನೂ ಸಿ.ಡಿ.ಯ ಫೋಟೋಗಳನ್ನೂ ಮತ್ತೆ ಮೊದಲಿನಿಂದ ಹಾಕಿದೆ. ಫೋಟೋಗಳೆಲ್ಲ ಬಂದವು. ಪ್ರತಿಯೊಂದರ ಕೆಳಗೂ ಬರೀ ಸಂಖ್ಯೆ. ಮಾತುಗಳು ಡೇಟಾಬೇಸ್ ಎಂಬ ಬೇರೆಯೇ ಜಾಗದಲ್ಲಿದ್ದವು, ಅದನ್ನು ನಾನು ಉಳಿಸಿಕೊಂಡಿರಲಿಲ್ಲ ಎಂದು ಆಗ ಗೊತ್ತಾಯಿತು.

ಹಿಂದೆ ನಿಂತು ನೋಡುತ್ತಿದ್ದ ಮಾವ, "ಅಯ್ಯೋ, ಎಲ್ಲಾರ್ಗೂ ಕೈದಿ ನಂಬರ್ ಹಾಕ್ಬುಟ್ಟೆಯಲ್ಲವ್ವ!" ಎಂದು ನಕ್ಕರು. ನಾನು ಒಂದೊಂದೇ ಪುಟ ತೆರೆದು ಹುಡುಕತೊಡಗಿದೆ. "ಹೋಗ್ಲಿ ಬಿಡು, ತಲೇಲಿ ಐತೆ. ಪರೀಕ್ಷೆ ಮುಗಿಸ್ಕೊಂಡ್ ಬಾ, ಇನ್ನೊಂದ್ಸಲ ಹೇಳ್ತೀನಿ," ಎಂದರು.

ಪರೀಕ್ಷೆ ಮುಗಿಯಿತು. ಒಂದು ಮಧ್ಯಾಹ್ನ ಕುಳಿತು ಹನ್ನೊಂದು ಫೋಟೋಗಳ ಮಾತು ಬರೆದೆವು. ಕೆಲವರ ಹೆಸರಿಗೆ ಅವರು ತಡವರಿಸಿದ್ದನ್ನು ಕಂಡು ನನಗೆ ಇನ್ನಷ್ಟು ನಾಚಿಕೆಯಾಯಿತು. ಆಮೇಲೆ ಎಂ.ಎಸ್ಸಿ.ಗೆ ಮೈಸೂರು ಸೇರಿದೆ. ರಜೆಯಲ್ಲಿ ಬಂದರೂ ಬೀದಿಯ ಆಚೆ ಬದಿಯಿಂದ ನಡೆದುಬಿಡುತ್ತಿದ್ದೆ. ಒಮ್ಮೆ ಬಾಗಿಲಿಗೆ ಬಂದು ಕೂಗಿದರು. ಬಸ್ಸಿಗೆ ಹೊತ್ತಾಯಿತು ಎಂದೆ. ಆಗಿರಲಿಲ್ಲ... ಅವರು ತೀರಿಕೊಂಡದ್ದನ್ನು ಅಮ್ಮ ಫೋನಿನಲ್ಲಿ ಹೇಳಿದರು.

ಹೋದ ವಾರ, ಆ ಕವರು ಸಿಕ್ಕಿದ ಸಂಜೆ, ಸೈಟನ್ನು ತೆರೆದು ನೋಡಿದೆ. ಕಡಲೆಕಾಯಿ ಅಮ್ಮನದೂ ಸೇರಿ ಹನ್ನೊಂದರ ಕೆಳಗೆ ಮಾವನ ಮಾತು ಹಾಗೇ ಇತ್ತು. ಉಳಿದ ಎಂಬತ್ತಾರರ ಕೆಳಗೆ ಸಂಖ್ಯೆ. ಊಹಿಸಿ ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿದೆ. ಮೊದಲು ಆ ಹನ್ನೊಂದಕ್ಕಾಗಿ ಡೇಟಾಬೇಸಿನ ಪ್ರತಿ ತೆಗೆದೆ. ಆಮೇಲೆ ಒಂದೊಂದೇ ಸಂಖ್ಯೆ ಅಳಿಸಿ, 'ಕನ್ನಡಿ ಹಿಡಿದವರ ಹೆಸರು ನನ್ನಿಂದ ಕಳೆದುಹೋಗಿದೆ' ಎಂದು ಬರೆದೆ. ಒಮ್ಮೆ ಬರೆದು ಉಳಿದ ಕಡೆ ನಕಲು ಮಾಡಬಹುದಿತ್ತು. ಎಂಬತ್ತಾರು ಸಲವೂ ಟೈಪ್ ಮಾಡಿದೆ.