ಗಂಟು ಹಾಕಿದ ಕಡೆ ಪ್ಲಸ್ಸು

ಆಫೀಸಿನ ಪಾರ್ಕಿಂಗ್‌ನಲ್ಲಿ, ಹದಿನಾಲ್ಕು ಜನ ಸಹೋದ್ಯೋಗಿಗಳ ಎದುರಿಗೆ ನನ್ನ ತಲೆಯಿಂದ ಕಾಲಿನವರೆಗೆ ಬಿಳಿ ಪುಡಿ ಸುರಿದವನು ನಮ್ಮ ವಾಚ್‌ಮನ್. ಅವನದೇನೂ ತಪ್ಪಿಲ್ಲ. ನನ್ನ ಕಾರಿನಿಂದ ಹೊಗೆ ಬರುತ್ತಿತ್ತು, ಅವನ ಕೈಗೆ ಬೆಂಕಿ ಆರಿಸುವ ಸಿಲಿಂಡರ್ ಸಿಕ್ಕಿತ್ತು, ನಡುವೆ ನಾನು ನಿಂತಿದ್ದೆ.

ಊಟ ಮುಗಿಸಿದವರನ್ನೆಲ್ಲ ‘ಬನ್ನಿ, ಒಂದು ಐಟಂ ಕೇಳಿಸ್ತೀನಿ’ ಎಂದು ಕರೆತಂದವನೂ ನಾನೇ. ಡಿಕ್ಕಿಯಲ್ಲಿ ಗುಮ್ ಎನ್ನಿಸುವ ದಪ್ಪ ಸ್ಪೀಕರು, ಅಂದರೆ ಸಬ್‌ವೂಫರ್, ಎರಡು; ಅವಕ್ಕೆ ದನಿ ತುಂಬುವ ಆಂಪ್ಲಿಫೈಯರ್ ಒಂದು. ಭಾನುವಾರ ಇಡೀ ದಿನ ಫೋನಿನಲ್ಲಿ ವೀಡಿಯೊ ನೋಡುತ್ತ ಸ್ವಹಸ್ತದಿಂದ ಜೋಡಿಸಿದ್ದೆ. ಬ್ಯಾಟರಿಯಿಂದ ಆಂಪ್‌ಗೆ ದಪ್ಪ ವೈರ್ ಎಳೆಯಬೇಕು ಎಂದು ವೀಡಿಯೊದವನು ಮೂರು ಸಲ ಹೇಳಿದ್ದ. ಮನೆಯಲ್ಲಿ ಹಳೇ ಟೇಬಲ್ ಫ್ಯಾನಿನ ವೈರ್ ಬಿದ್ದಿತ್ತು. ಗಾಳಿಗೆ ಸಾಕಾಗಿದ್ದು ಹಾಡಿಗೆ ಸಾಲದೇ ಅಂದುಕೊಂಡೆ. ಸಾಲಲಿಲ್ಲ. ವಾಲ್ಯೂಮ್ ತಿರುಗಿಸಿದ ಅರ್ಧ ನಿಮಿಷಕ್ಕೆ ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೇ ಮರೆತುಬಿಟ್ಟಂಥ ವಾಸನೆ ಎದ್ದಿತು. ಸಂಜೆ ಮನೆಗೆ ಹೋದರೆ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬೇಕರಿಲಿ ಕೆಲಸ ಸಿಕ್ತಾ?” ಅಂದಳು.

ಮಾರನೆಯ ದಿನ ಪಕ್ಕದ ಮೇಜಿನವನು ಒಂದು ಅಂಗಡಿಯ ಗುರುತು ಹೇಳಿದ. ಪಂಕ್ಚರ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಬೋರ್ಡಿನ ಮೇಲೆ ‘ಸೀಟ್ ಕವರ್’ ಅಂತ ಇರುತ್ತದೆ, ಅದನ್ನು ನಂಬಬೇಡ, ಒಳಗೆ ಹೋಗಿ ಅಕ್ಕನನ್ನು ಕೇಳು.

ಒಳಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದವರು ಅಕ್ಕನ ಗಂಡ. ಅಕ್ಕನ ಕಾಲುಗಳು ಮಾತ್ರ ಒಂದು ಕಾರಿನ ಬಾಗಿಲಿಂದ ಹೊರಗೆ ಕಾಣಿಸುತ್ತಿದ್ದವು. ಮಿಕ್ಕ ಅಕ್ಕ ಡ್ಯಾಶ್‌ಬೋರ್ಡಿನ ಕೆಳಗಿದ್ದರು. ಆಮೇಲೆ ಹೊರಗೆ ಬಂದಾಗ ನೋಡಿದೆ, ಐವತ್ತರ ಆಸುಪಾಸು, ಕುತ್ತಿಗೆಗೆ ದರ್ಜಿಯ ಟೇಪು, ಸೆರಗಿನ ಪಿನ್ನಿನ ಪಕ್ಕದಲ್ಲೇ ಒಂದು ಟೆಸ್ಟರ್.

ಮಾತೆಲ್ಲ ಗಂಡನದು. ಅಕ್ಕನ ಚರಿತ್ರೆ ನನಗೆ ಗೊತ್ತಾದದ್ದು ಅವರ ಬಾಯಿಂದಲೇ. ಮೊದಲು ಗಂಡ ಹೆಂಡತಿ ಇಬ್ಬರೂ ಸೀಟ್ ಕವರ್ ಹೊಲಿಯುತ್ತಿದ್ದರಂತೆ. ಅರ್ಧ ಅಂಗಡಿಯನ್ನು ಸ್ಪೀಕರ್ ಕೂರಿಸುವ ಒಬ್ಬನಿಗೆ ಬಿಟ್ಟಿದ್ದರು. ಒಂದು ದಿನ ಅವನು ಒಂದು ಕಾರಿನ ಕರುಳೆಲ್ಲ ಹೊರಗೆ ಎಳೆದಿಟ್ಟು, ಚಹಾ ಕುಡಿದು ಬರ್ತೀನಿ ಎಂದು ಹೋದವನು ಇವತ್ತಿನವರೆಗೂ ಚಹಾ ಕುಡಿಯುತ್ತಲೇ ಇದ್ದಾನೆ.

“ಕಾರಿನವರು ಸಂಜೆ ಬರ್ತಾರೆ. ನಾನು ತಲೆ ಮೇಲೆ ಕೈ ಹೊತ್ಕೊಂಡು ಕೂತೆ. ಇವಳು ಹನ್ನೊಂದು ತಿಂಗಳು ಮೆಷಿನ್ ತುಳೀತಾ ಅವನ ಕೈನೇ ನೋಡ್ತಾ ಇದ್ದಳಲ್ಲ, ಎದ್ದು ಹೋದಳು, ಎಲ್ಲಾ ಜೋಡಿಸಿಬಿಟ್ಟಳು.”

“ಸರಿಯಾಗಿತ್ತಾ?” ಅಂದೆ.

“ಬಾಗಿಲು ತೆಗೆದ್ರೆ ಹಾಡೋದು, ಹಾಕಿದ್ರೆ ನಿಲ್ಲೋದು. ಅವರು ಅದೇನೋ ಹೊಸ ಸೌಕರ್ಯ ಅಂದ್ಕೊಂಡು ತಮ್ಮ ಭಾಮೈದನ ಕಾರನ್ನೂ ಕಳಿಸಿದ್ರು, ಹಾಗೇ ಮಾಡಿಕೊಡಿ ಅಂತ.”

“ರೀ, ಕತ್ತರಿ ಕೊಡ್ರೀ,” ಎಂದಿತು ಡ್ಯಾಶ್‌ಬೋರ್ಡು.

ನನ್ನ ಕಾರಿನ ಡಿಕ್ಕಿ ತೆರೆದು ಅಕ್ಕ ಫ್ಯಾನಿನ ವೈರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು, ಸತ್ತ ಹಲ್ಲಿಯನ್ನು ಹಿಡಿದಂತೆ. “ಫ್ಯೂಸ್ ಎಲ್ಲಿ ಸಾರ್?”

“ಫ್ಯೂಸ್ ಬೇಕಿತ್ತಾ?”

ಅಕ್ಕ ವೈರನ್ನು ಕೆಳಗೆ ಹಾಕಿದರು. ಗಂಡನ ಕಡೆ ನೋಡಿದರು. ಗಂಡ ಮೆಷಿನ್ ನಿಲ್ಲಿಸಿ ನನ್ನ ಕಡೆ ನೋಡಿದರು. ಆ ಕುಟುಂಬದಲ್ಲಿ ನನ್ನ ಸ್ಥಾನ ಅಲ್ಲಿಗೆ ನಿಶ್ಚಯವಾಯಿತು.

“ಶನಿವಾರ ಬೆಳಿಗ್ಗೆ ಬನ್ನಿ. ನಾಲ್ಕು ಗಂಟೆಗೆ ವ್ಯಾನ್ ಮಾಲೀಕರು ಬರ್ತಾರೆ. ನಿಮ್ಮ ಕಾರನ್ನೇ ಕೇಳಿಸ್ತೀನಿ.”

ಗಂಡ ವಿವರ ಕೊಟ್ಟರು. ಪ್ರವಾಸದ ವ್ಯಾನ್ ಹನ್ನೆರಡು ಇಟ್ಟುಕೊಂಡ ಒಬ್ಬ ಮಾಲೀಕರು ಎಲ್ಲದಕ್ಕೂ ಸೌಂಡ್ ಹಾಕಿಸಬೇಕೆಂದಿದ್ದಾರೆ. ಹೆಂಗಸಿನ ಕೈಕೆಲಸ ಒಮ್ಮೆ ಕಿವಿಯಾರೆ ಕೇಳಿ ನೋಡುತ್ತಾರಂತೆ. ಹಿಡಿಸದಿದ್ದರೆ ಎದುರಿನ ಗಾಜಿನ ಷೋರೂಮಿಗೆ ಹೋಗುತ್ತಾರೆ.

“ವ್ಯಾನ್ ಬಂದ್ರೆ ಬೋರ್ಡ್ ಮೇಲೆ ಇವಳ ಕೆಲಸಾನೂ ಬರೆಸ್ತೀನಿ ಅಂದಿದ್ದೀನಿ,” ಎಂದು ಗಂಡ ತಗ್ಗಿದ ದನಿಯಲ್ಲಿ ಸೇರಿಸಿದರು. “ಒಂಬತ್ತು ವರ್ಷದಿಂದ ಬೋರ್ಡಿಲ್ಲದೇ ಮಾಡ್ತಿದ್ದಾಳೆ. ಬಾಯಿ ಬಿಟ್ಟು ಬೋರ್ಡ್ ಕೇಳಲ್ಲ. ಬೆಳಿಗ್ಗೆ ಶಟರ್ ಎತ್ತುವಾಗ ಒಂದು ಸಲ ಮೇಲೆ ನೋಡ್ತಾಳೆ, ಅಷ್ಟೇ.”

ಶನಿವಾರ ನಾನು ಒಂದು ಸ್ಟೂಲು ಹಾಕಿಕೊಂಡು ಕೂತೆ. ಅಕ್ಕ ಬಣ್ಣ ಹಚ್ಚುವ ಬ್ರಷ್ಷಿನಿಂದ ಆಂಪ್‌ನ ಮೂಲೆಮೂಲೆಯ ಬಿಳಿ ಪುಡಿ ಗುಡಿಸಿದರು. ಕಿರುಬೆರಳಿನಷ್ಟು ದಪ್ಪದ ಕೆಂಪು ವೈರ್ ತಂದು, ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ ಫ್ಯೂಸ್ ಕೂರಿಸಿ, ಕಾರಿನ ಎಡಗಡೆಯಿಂದ ಹಿಂದಕ್ಕೆ ಎಳೆದರು. ಹಾಡಿನ ವೈರ್ ಬಲಗಡೆಯಿಂದ. ಎರಡೂ ಒಟ್ಟಿಗೆ ಹೋದರೆ ಹಾಡಿನ ನಡುವೆ ಇಂಜಿನ್ನೂ ಕುಂಯ್‌ಗುಡುತ್ತದಂತೆ. ಡಿಕ್ಕಿಯ ತಗಡಿನ ಬಣ್ಣವನ್ನು ಬೆಳ್ಳಗಾಗುವವರೆಗೆ ಕೆರೆದು ಅಲ್ಲಿಗೆ ಕಪ್ಪು ವೈರನ್ನು ಬಿಗಿದರು.

ಆಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಚೌಕ ಬ್ಯಾಟರಿ ತೆಗೆದುಕೊಂಡು ಸಬ್‌ವೂಫರುಗಳ ಮುಂದೆ ಕೂತರು. ಬ್ಯಾಟರಿಯನ್ನು ಸ್ಪೀಕರಿಗೆ ಒಂದು ಕ್ಷಣ ತಾಗಿಸುವುದು, ಅಂಗೈಯನ್ನು ಅದರ ಎದೆಯ ಮೇಲಿಡುವುದು. ಸ್ಪೀಕರು ಅಂಗೈಯನ್ನು ಮುಂದಕ್ಕೆ ತಳ್ಳಿದರೆ ಬ್ಯಾಟರಿಯ ಪ್ಲಸ್ ತಾಗಿದ ಕಡೆಯೇ ಸ್ಪೀಕರಿನ ಪ್ಲಸ್. ಆ ಕಡೆಯ ವೈರಿಗೆ ಬಿಳಿ ನೂಲಿನ ಒಂದು ಗಂಟು.

“ಕೆಂಪು ಕಪ್ಪು ಅಂತ ಬಣ್ಣ ಇದೆಯಲ್ಲ ಅಕ್ಕ?”

“ಡ್ಯಾಶ್‌ಬೋರ್ಡ್ ಕೆಳಗೆ ಬಣ್ಣ ಕಾಣಲ್ಲ ಸಾರ್. ಗಂಟು ಕೈಗೆ ಸಿಗುತ್ತೆ.”

ಮೂರೂವರೆಗೆ ಐದು ನಿಮಿಷ ಇರುವಾಗ ಅವರು ಕೈ ತೊಳೆಯಲು ಹಿಂದಕ್ಕೆ ಹೋದರು. ನಾನು ಮೇಲ್ವಿಚಾರಣೆಗೆಂದು ಡಿಕ್ಕಿಗೆ ಬಗ್ಗಿದೆ. ನೋಡುತ್ತೇನೆ, ಎಡಗಡೆಯ ಸಬ್‌ವೂಫರಿನಲ್ಲಿ ಕೆಂಪು ವೈರ್ ಕಪ್ಪು ಕ್ಲಿಪ್ಪಿಗೆ, ಕಪ್ಪು ವೈರ್ ಕೆಂಪು ಕ್ಲಿಪ್ಪಿಗೆ. ನನ್ನ ಮನಸ್ಸಿನಲ್ಲಿ ಆಗ ಎದ್ದ ಭಾವನೆ ಬಹಳ ಉದಾತ್ತವಾದದ್ದು. ಪಾಪ, ವಯಸ್ಸಾಯಿತು, ಕಣ್ಣು ತಪ್ಪಿದೆ, ಮಾಲೀಕರ ಎದುರಿಗೆ ಅವಮಾನವಾಗಬಾರದು. ಕ್ಲಿಪ್ ಒತ್ತಿದೆ, ವೈರ್ ಕಿತ್ತೆ, ಅದಲು ಬದಲು ಮಾಡಿ ಸಿಕ್ಕಿಸಿದೆ. ಸ್ಟೂಲಿಗೆ ವಾಪಸು ಬಂದು ಗುಪ್ತದಾನ ಮಾಡಿದವನ ಮುಖ ಹೊತ್ತು ಕೂತೆ.

ಮಾಲೀಕರು ಅರ್ಧ ಗಂಟೆ ಮುಂಚೆಯೇ ಬಂದುಬಿಟ್ಟರು. ಅಕ್ಕನಿಗೆ ಒಂದು ಸಲ ಹಾಕಿ ನೋಡುವುದಕ್ಕೂ ಸಮಯ ಸಿಗಲಿಲ್ಲ. ಅವರು ಮುಂದಿನ ಸೀಟಿನಲ್ಲಿ ಕೂತು ಕನ್ನಡಕ ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟು, “ಹ್ಞೂಂ, ಹಾಕಮ್ಮ” ಅಂದರು.

ಹಾಡು ಬಂತು. ತಾಳವೇ ಇಲ್ಲ. ವಾಲ್ಯೂಮ್ ಏರಿಸಿದಷ್ಟೂ ಹಾಡುಗಾರನ ಗಂಟಲು ಹರಿಯುತ್ತಿತ್ತೇ ಹೊರತು ಕೆಳಗಿನಿಂದ ಒಂದು ಗುಮ್ ಇಲ್ಲ.

“ಸೊಳ್ಳೆಗೆ ನೆಗಡಿ ಆದ ಹಾಗಿದೆಯಲ್ಲಮ್ಮ,” ಎಂದು ಮಾಲೀಕರು ಕನ್ನಡಕ ಕೈಗೆ ತೆಗೆದುಕೊಂಡರು. ಅವರ ಕಣ್ಣು ಎದುರಿನ ಗಾಜಿನ ಷೋರೂಮಿನ ಕಡೆ ಹೋಯಿತು. ಒಳಗೆ ಮೆಷಿನ್ನಿನ ಸದ್ದು ನಿಂತಿತು.

“ಒಂದು ನಿಮಿಷ ಕೂತಿರಿ ಸಾರ್,” ಎಂದರು ಅಕ್ಕ.

ಹಾಡು ನಿಲ್ಲಿಸದೆ ಡಿಕ್ಕಿ ತೆರೆದು ಎರಡು ಸಬ್‌ವೂಫರಿನ ಮೇಲೂ ಒಂದೊಂದು ಅಂಗೈ ಇಟ್ಟು ಕಣ್ಣು ಮುಚ್ಚಿದರು. ನನಗೂ ಕಾಣಿಸಿತು, ಬಲಗಡೆಯದು ಮುಂದಕ್ಕೆ ತಳ್ಳುವಾಗ ಎಡಗಡೆಯದು ಹಿಂದಕ್ಕೆ ಎಳೆಯುತ್ತಿತ್ತು. ಒಂದು ಕಟ್ಟಿದ್ದನ್ನು ಇನ್ನೊಂದು ಕೆಡವುತ್ತಿತ್ತು. ಅಕ್ಕನ ಬೆರಳು ಎಡಗಡೆಯ ಪೆಟ್ಟಿಗೆಯ ಕ್ಲಿಪ್ಪಿಗೆ ಹೋಯಿತು, ಗಂಟನ್ನು ಸವರಿತು, ನಿಂತಿತು. ಆಮೇಲೆ ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ನಾನೇನೂ ದಪ್ಪ ಆಗಿಲ್ಲ, ಬಟ್ಟೆಯೇ ಕುಗ್ಗಿದೆ ಎನ್ನುವ ಗಿರಾಕಿಯನ್ನು ದರ್ಜಿ ನೋಡುವ ನೋಟ ಅದು.

ನನಗೆ ತಡವಾಗಿ ಹೊಳೆಯಿತು. ಅಗ್ಗವೆಂದು ನಾನು ತಂದಿದ್ದ ಆ ಸಬ್‌ವೂಫರಿನಲ್ಲಿ ಕಾರ್ಖಾನೆಯವರೇ ಕ್ಲಿಪ್ಪುಗಳ ಬಣ್ಣ ತಿರುವುಮುರುವು ಮಾಡಿದ್ದರು. ಅಕ್ಕ ಅದನ್ನು ಅಂಗೈಯಲ್ಲಿ ಕಂಡುಹಿಡಿದು ತಿದ್ದಿದ್ದರು. ತಿದ್ದಿದ್ದನ್ನು ನಾನು ತಿದ್ದಿದ್ದೆ.

ನಾನು ಬಾಯಿ ತೆರೆಯುವಷ್ಟರಲ್ಲಿ ವಾಲ್ಯೂಮ್ ತಗ್ಗಿಸಿ, ವೈರ್ ಬದಲಾಯಿಸಿ, ಡಿಕ್ಕಿ ಮುಚ್ಚಿ, ಮತ್ತೆ ಏರಿಸಿದರು. ಗುಮ್ ಎಂದಿತು. ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ನೀರು ನಡುಗಿತು. ಮಾಲೀಕರು ವಾಪಸು ಇಟ್ಟಿದ್ದ ಕನ್ನಡಕ ಡ್ಯಾಶ್‌ಬೋರ್ಡಿನ ಮೇಲೆ ಅಂಚಿನವರೆಗೂ ನಡೆದುಕೊಂಡು ಹೋಗಿ ಅವರ ಮಡಿಲಿಗೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ, ಹಾಡು ಮುಗಿಯುವವರೆಗೆ.

“ಮೊದಲು ಏನಾಗಿತ್ತಮ್ಮ?”

“ಒಂದು ಗಂಟು ಜಾಗ ಬದಲಾಯಿಸಿತ್ತು ಸಾರ್.”

“ಹಾಗಾಗುತ್ತಾ?”

“ಅಪರೂಪಕ್ಕೆ. ಪಕ್ಕದಲ್ಲಿ ಸ್ಟೂಲ್ ಇದ್ದರೆ.”

ಮಾಲೀಕರಿಗೆ ಅರ್ಥವಾಗಲಿಲ್ಲ. ಸೋಮವಾರ ಮೊದಲ ವ್ಯಾನ್ ಕಳಿಸುತ್ತೇನೆಂದು ಹೇಳಿ ಹೋದರು. ಗಂಡ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಹೊರಗೆ ಬಂದು ಬೋರ್ಡಿನ ಉದ್ದಗಲವನ್ನು ಕಣ್ಣಲ್ಲೇ ಅಳೆಯತೊಡಗಿದರು. ಅಕ್ಕ ನನ್ನ ಸ್ಟೂಲನ್ನು ಮಡಿಸಿ ಒಳಗಿಟ್ಟರು.

ಹದಿನೈದು ದಿನ ಕಳೆದು ಆ ರಸ್ತೆಯಲ್ಲಿ ಹೋದಾಗ ಹೊಸ ಬೋರ್ಡು ಮಿರಮಿರ ಮಿಂಚುತ್ತಿತ್ತು. ಮೊದಲು ‘ಕಾರ್ ಸೌಂಡ್’, ಆಮೇಲೆ, ಅದಕ್ಕಿಂತ ಚಿಕ್ಕ ಅಕ್ಷರದಲ್ಲಿ, ‘ಸೀಟ್ ಕವರ್’. ತೀರ ಕೆಳಗೆ ಕೆಂಪಿನಲ್ಲಿ ಒಂದು ಸಾಲು, ‘ಗಿರಾಕಿಗಳು ವೈರ್ ಮುಟ್ಟಬಾರದು’.

ಮುಂದೆ ನಿಂತಿದ್ದ ವ್ಯಾನಿನ ಬಾಗಿಲಿಂದ ಪರಿಚಿತ ಕಾಲುಗಳು ಹೊರಗೆ ಕಾಣುತ್ತಿದ್ದವು. ನಾನು ಬಗ್ಗಿ ಕೇಳಿದೆ. “ಅಕ್ಕ, ಆ ಕೊನೇ ಸಾಲು ನನ್ನ ಬಗ್ಗೇನಾ?”

“ಅಲ್ಲ ಸಾರ್,” ಎಂದಿತು ಒಳಗಿನ ದನಿ. “ನಿಮ್ಮ ಬಗ್ಗೆ ಬರೆಸೋಕೆ ಬೋರ್ಡಲ್ಲಿ ಜಾಗ ಸಾಲಲಿಲ್ಲ.”