ಮೀಟರ್ ನೋಡಲು ಬಂದವನ ದನಿ

ನಮ್ಮ ಭಾವ ಸಿನಿಮಾದಲ್ಲಿ ಹೆಣವಾಗಿ ಮಲಗುವುದರಲ್ಲಿ ಎತ್ತಿದ ಕೈ. ಮೂಗಿನ ಮೇಲೆ ನೊಣ ಕೂತರೂ ಮಿಸುಕುತ್ತಿರಲಿಲ್ಲ. "ಮನೇಲೂ ಹಾಗೇ, ಕೆಲಸ ಹೇಳಿದ್ರೆ ಸಾಕು, ಹೆಣ!" ಎಂದು ಅಕ್ಕ ನಗಿಸುತ್ತಿದ್ದಳು. ಅಂಥವರಿಗೆ ತಲೆ ನರೆತ ಮೇಲೆ ಮೊದಲ ಸಲ ಮಾತಿರುವ ದೊಡ್ಡ ಪಾತ್ರ ಸಿಕ್ಕಿತು. ನಮ್ಮೂರಲ್ಲೇ ಒಂಟಿ ಹೆಂಗಸರನ್ನು ಒಬ್ಬೊಬ್ಬರಾಗಿ ಕೊಂದ ಪಾಪಿಯ ಪಾತ್ರ ಅದು.

ಆ ಪಾಪಿ ಕರೆಂಟ್ ಮೀಟರ್ ನೋಡುವವನಂತೆ ಬರುತ್ತಿದ್ದ. ದನಿ ಎತ್ತದೆ, ಮನೆಮಗನ ಹಾಗೆ ಕರೆಯುತ್ತಿದ್ದೆ ಎಂದು ಪೊಲೀಸರೆದುರು ಅವನೇ ಹೇಳಿದ್ದನಂತೆ. ಭಾವ ಅಕ್ಕನನ್ನು ಅಡುಗೆಮನೆಯೊಳಗೆ ನಿಲ್ಲಿಸಿ, ಮುಚ್ಚಿದ ಬಾಗಿಲ ಹೊರಗಿಂದ ಆ ಮಾತನ್ನು ಅಭ್ಯಾಸ ಮಾಡುತ್ತಿದ್ದರು. ಭಯವಾದರೆ ಚಿಲಕ ತೆಗೆಯಬಾರದು, ಇದು ಕರಾರು. ವಾರಗಟ್ಟಲೆ ಅವಳು ತೆಗೆಯಲಿಲ್ಲ. ಕೊನೆಗೊಂದು ದಿನ ತೆಗೆದಳು, ತೆಗೆದವಳೇ ಅತ್ತಳು.

ಶೂಟಿಂಗ್ ಜಾಗಕ್ಕೆ, ಸತ್ತವರಲ್ಲಿ ಕೊನೆಯವಳಾದ ಹುಡುಗಿಯ ವಯಸ್ಸಾದ ತಾಯಿ ಬಂದರು.

"ಹಿಂದೆಮುಂದೆ ನೋಡ್ದೆ ಬಾಗಿಲು ತೆಗೆದ್ಲು, ದಡ್ಡಿ ಅಂತಾರೆ ಎಲ್ರೂ. ಅವರಪ್ಪನೂ ಹಾಗೇ ಅಂದ್ಕೊಂಡು ಸತ್ರು. ಅವನು ಹೇಗೆ ಕರೆದ, ಒಂದ್ಸಲ ತೋರಿಸ್ತೀಯೇನಪ್ಪಾ?"

ಭಾವ ಆ ತಾಯಿಯನ್ನು ಮೇಕಪ್ ಕೋಣೆಯೊಳಗೆ ಬಿಟ್ಟು ಹೊರಗೆ ನಿಂತರು.

"ಅಮ್ಮಾ, ಮೀಟರ್ ನೋಡ್ಬೇಕಿತ್ತು. ನಿಧಾನಕ್ಕೆ ಬನ್ನಿ, ಅವಸರ ಇಲ್ಲ."

ಚಿಲಕ ಸರಿಯಿತು. "ನಾನೂ ತೆಗೆದೆ ನೋಡು," ಎಂದರು ಆ ತಾಯಿ. "ನನ್ನ ಮಗಳು ದಡ್ಡಿ ಅಲ್ಲ. ಸಿನಿಮಾದಲ್ಲೂ ಹೀಗೇ ಹೇಳ್ತೀಯಲ್ವಾ? ಜನ ಕೇಳ್ಲಿ."

ಭಾವ ಮಾತು ಕೊಟ್ಟರು. ಕ್ಯಾಮೆರಾ ಮುಂದೆ ಹಾಗೇ ಹೇಳಿದರು ಕೂಡ. ಆದರೆ ಮೆತ್ತಗಿನ ದನಿಗೆ ಯಾರು ಹೆದರುತ್ತಾರೆ ಎಂದುಕೊಂಡ ಆ ಮಹಾನುಭಾವ ನಿರ್ದೇಶಕ, ಇವರ ಕಿವಿಗೂ ಹಾಕದೆ ಇನ್ನೊಬ್ಬನಿಂದ ಡಬ್ಬಿಂಗ್ ಮಾಡಿಸಿಬಿಟ್ಟಿದ್ದ. ಅವನ ಮನೆ ಹಾಳಾಗ.

ಸಿನಿಮಾ ಬಿಡುಗಡೆಯ ದಿನ ಭಾವ ಆ ತಾಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ತೆರೆಯ ಮೇಲೆ ಭಾವನ ತುಟಿ ಆಡಿತು. ಹೊರಬಿದ್ದದ್ದು ಮಕ್ಕಳು ಕೇಳಿದರೆ ಕಿಟಾರನೆ ಕಿರುಚುವಂಥ ಗೊಗ್ಗರು ದನಿ. ಹುಡುಗಿ ಬಾಗಿಲು ತೆಗೆದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು: "ಇಂಥ ದನಿ ಕೇಳಿಯೂ ತೆಗೀತಾಳಲ್ಲಪ್ಪ, ತಲೇಲಿ ಬುದ್ಧಿ ಇಲ್ವಾ ಇವಳಿಗೆ!"

ಆ ತಾಯಿ ಎದ್ದು ಹೊರಟರು. ಭಾವ ಮೆಟ್ಟಿಲವರೆಗೂ ಹಿಂದೆಯೇ ಓಡಿದರು.

"ಅದು ನನ್ನ ದನಿ ಅಲ್ಲಮ್ಮಾ, ನಿಮ್ಮಾಣೆ."

ಅವರು ತಿರುಗಿ ನೋಡಿದರು.

"ಬಾಯಿ ನಿಂದೇ ಅಲ್ವೇನಪ್ಪಾ?"